ಹೊಟ್ಟೆಯೊಳಗೆ ಕೀವು ಕಟ್ಟಿದರೆ: ಕೊಯ್ಯದೆ, ಕೊಳವೆಯಿಂದ ಹೊರತೆಗೆಯುವ ಚಿಕಿತ್ಸೆ

ಹಸುವಿನ ಕುತ್ತಿಗೆಯ ಮೇಲೋ ತೊಡೆಯ ಮೇಲೋ ಕುರು ಎದ್ದರೆ ಏನಾಗುತ್ತದೆ ಎಂಬುದು ಹೈನುಗಾರಿಕೆ ಮಾಡುವ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಮೊದಲು ಗಟ್ಟಿ ಗಂಟು, ಮುಟ್ಟಿದರೆ ಬಿಸಿ, ಹಸು ಕೈ ಇಡಲು ಬಿಡುವುದಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ಗಂಟಿನ ನಡುವೆ ಮೆತ್ತಗಾಗುತ್ತದೆ. ಆಗ ಪಶುವೈದ್ಯರು ಬಂದು ಸಣ್ಣದಾಗಿ ಕೊಯ್ದು, ಕೀವು ಇಳಿಸಿ, ಒಳಗೆ ಔಷಧದಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಇಟ್ಟು ಹೋಗುತ್ತಾರೆ. ಮಾರನೆಯ ದಿನ ಹಸು ಮೇವಿಗೆ ಬಾಯಿ ಹಾಕುತ್ತದೆ. ಕೀವು ಒಳಗೇ ಇದ್ದಾಗ ಎಷ್ಟು ಇಂಜೆಕ್ಷನ್ ಕೊಟ್ಟರೂ ಬಿಡದ ಜ್ವರ, ಕೀವು ಹೊರಬಿದ್ದ ಮೇಲೆ ತಾನಾಗಿ ಇಳಿಯುವುದನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ.

ಮನುಷ್ಯರ ಹೊಟ್ಟೆಯೊಳಗೂ ಹೀಗೆಯೇ ಕೀವು ಕಟ್ಟುತ್ತದೆ. ವ್ಯತ್ಯಾಸ ಇಷ್ಟೇ, ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸುಲಭವಾಗಿ ಸಿಗುವುದಿಲ್ಲ. ಲಿವರ್ ಒಳಗೆ, ಕರುಳಿನ ಸುರುಳಿಗಳ ನಡುವೆ, ಗರ್ಭಕೋಶದ ಪಕ್ಕದಲ್ಲಿ, ಬೆನ್ನೆಲುಬಿಗೆ ಅಂಟಿದ ಮಾಂಸದಲ್ಲಿ ಅದು ಕುಳಿತಿರುತ್ತದೆ. ಹಿಂದೆ ಇದಕ್ಕೆ ಹೊಟ್ಟೆ ಕೊಯ್ಯುವುದೊಂದೇ ದಾರಿ ಎನ್ನುವಂತಿತ್ತು. ಈಗ ಹೆಚ್ಚಿನವರಿಗೆ ಆ ದಾರಿ ಬೇಕಾಗುವುದಿಲ್ಲ. ಸ್ಕ್ಯಾನಿಂಗ್ ಪರದೆಯಲ್ಲಿ ಕೀವಿನ ಜಾಗ ನೋಡುತ್ತಾ, ಚರ್ಮದ ಮೇಲಿನಿಂದಲೇ ಸೂಜಿ ಇಳಿಸಿ, ಅದೇ ದಾರಿಯಲ್ಲಿ ಒಂದು ಸಣ್ಣ ಕೊಳವೆ ಇಟ್ಟು ಕೀವನ್ನು ಚೀಲಕ್ಕೆ ಹರಿಸುತ್ತಾರೆ. ಹೊಟ್ಟೆ ಕೊಯ್ಯುತ್ತಾರೆಂಬ ಹೆದರಿಕೆಗೆ ಆಸ್ಪತ್ರೆಗೆ ಹೋಗದೆ ಕೂರುವವರು ಇಂದಿಗೂ ಇರುವುದರಿಂದ ಈ ಚಿಕಿತ್ಸೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಕೀವು ಅಲ್ಲಿಗೆ ಹೋಗುವುದು ಹೇಗೆ?

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಲಿವರ್ ಒಳಗಿನ ಕೀವು. ಇದರಲ್ಲಿ ಎರಡು ಬಗೆ. ಒಂದು ಅಮೀಬಾದಿಂದ ಬರುವುದು. ಆಮಶಂಕೆ ತರುವ ಅದೇ ಅಮೀಬಾ, ಮಲ ಸೇರಿದ ನೀರು ಅಥವಾ ಆಹಾರದ ಮೂಲಕ ಕರುಳಿಗೆ ಹೋಗುತ್ತದೆ. ಕೆಲವರಲ್ಲಿ ಕರುಳಿನ ಗೋಡೆ ಕೊರೆದು, ರಕ್ತದ ಜೊತೆ ಲಿವರ್ ತಲುಪಿ, ಅಲ್ಲಿ ಮಾಂಸವನ್ನು ಕರಗಿಸಿ ಗುಳಿ ಮಾಡುತ್ತದೆ. ಆಮಶಂಕೆ ಆಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಇದು ತಲೆ ಎತ್ತಬಹುದು. ಆಮಶಂಕೆಯೇ ಆಗಿರದ ಎಷ್ಟೋ ಮಂದಿಗೂ ಬರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲೂ ಹೆಂಡ, ಸಾರಾಯಿ ಕುಡಿಯುವವರಲ್ಲಿ ಹಲವು ಪಟ್ಟು ಹೆಚ್ಚು. ಆದ್ದರಿಂದ ಈ ಲೇಖನವನ್ನು ನೀವು ಓದಿ ಮನೆಯ ಯಜಮಾನರಿಗೂ ಓದಿ ಹೇಳುವುದು ಒಳ್ಳೆಯದು.

ಎರಡನೆಯದು ಬ್ಯಾಕ್ಟೀರಿಯಾದಿಂದ ಬರುವ ಕೀವು. ಪಿತ್ತಕೋಶದಲ್ಲಿ ಕಲ್ಲಿರುವವರು, ಸಕ್ಕರೆ ಕಾಯಿಲೆ ಇರುವವರು ಇದಕ್ಕೆ ಬೇಗ ತುತ್ತಾಗುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಬರೆಸಿಕೊಂಡು ತಿಂಗಳಿಗೆ ಹತ್ತು ದಿನ ಮಾತ್ರ ನುಂಗುವವರು ಪ್ರತಿ ಊರಲ್ಲೂ ಇದ್ದಾರೆ. ಅಂಥವರ ಮೈಗೆ ಸೋಂಕನ್ನು ತಡೆಯುವ ಶಕ್ತಿ ಕಡಿಮೆಯಾಗಿರುತ್ತದೆ.

ಹಸುಗಳಿಗೂ ಲಿವರ್‌ನಲ್ಲಿ ಕೀವು ಕಟ್ಟುತ್ತದೆ ಎಂಬುದು ನಿಮಗೆ ಆಶ್ಚರ್ಯ ತರಬಹುದು. ಮದುವೆ ಮನೆಯಲ್ಲಿ ಉಳಿದ ಅನ್ನ, ಹಿಟ್ಟು, ದಾಣಿಗಳನ್ನು ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ, ಒಳಗೋಡೆ ಹುಣ್ಣಾಗುತ್ತದೆ. ಆ ಹುಣ್ಣಿನ ಮೂಲಕ ರೋಗಾಣು ರಕ್ತಕ್ಕೆ ಸೇರಿ ಲಿವರ್‌ನಲ್ಲಿ ನೆಲೆಸುತ್ತದೆ. ತಂತಿ, ಮೊಳೆ ನುಂಗಿದ ಹಸುವಿನ ಹೊಟ್ಟೆಯ ಗೋಡೆ ತೂತಾಗಿ ಅಕ್ಕಪಕ್ಕದಲ್ಲಿ ಕೀವು ತುಂಬುವುದೂ ಉಂಟು. ಕರುಳಿನಲ್ಲಿರಬೇಕಾದ ರೋಗಾಣು ತನ್ನ ಜಾಗ ಬಿಟ್ಟು ಬೇರೆಡೆ ಹೋದರೆ ಹಸುವಿಗೂ ಮನುಷ್ಯರಿಗೂ ಆಗುವುದು ಒಂದೇ.

ಬಲಗಡೆ ಕಿಬ್ಬೊಟ್ಟೆಯಲ್ಲಿ ಅಪೆಂಡಿಕ್ಸ್ ಎಂಬ ಬೆರಳಿನಷ್ಟು ಕರುಳಿನ ತುಂಡು ಇದೆ. ಅದು ಊದಿಕೊಂಡು ಒಡೆದರೆ ಸುತ್ತಲಿನ ಕರುಳು, ಕೊಬ್ಬಿನ ಪೊರೆ ಎಲ್ಲ ಬಂದು ಅದನ್ನು ಮುಚ್ಚಿಕೊಳ್ಳುತ್ತವೆ. ಆ ಮುಚ್ಚಿದ ಗಂಟಿನೊಳಗೆ ಕೀವು ಕಟ್ಟುತ್ತದೆ. ಟೈಫಾಯ್ಡ್‌ನಲ್ಲಿ ಕರುಳು ತೂತಾದಾಗ, ಯಾವುದೋ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದ ಬಳಿಕ, ಮೇದೋಜೀರಕ ಗ್ರಂಥಿ ಊದಿಕೊಂಡಾಗ ಕೂಡ ಹೀಗಾಗಬಹುದು. ಬೆನ್ನೆಲುಬಿಗೆ ಕ್ಷಯ ತಗುಲಿದರೆ ಅಲ್ಲಿಂದ ಇಳಿದ ಕೀವು ಸೊಂಟದ ಒಳಗಿನ ಮಾಂಸದಲ್ಲಿ ಶೇಖರವಾಗಿ, ಕೆಲವೊಮ್ಮೆ ತೊಡೆಯ ಸಂದಿಯಲ್ಲಿ ಗಂಟಾಗಿ ಕಾಣುತ್ತದೆ. ಇದಕ್ಕೆ ಬಿಸಿಯೂ ಇರುವುದಿಲ್ಲ, ಹೆಚ್ಚು ನೋವೂ ಇರುವುದಿಲ್ಲ. ಹಾಗಾಗಿ ಯಾರೂ ಲಕ್ಷ್ಯ ಕೊಡುವುದಿಲ್ಲ.

ಹೆಣ್ಣುಮಕ್ಕಳಿಗೇ ಬರುವ ಇನ್ನೊಂದು ಬಗೆ ಇದೆ. ಗರ್ಭಕೋಶದ ಸೋಂಕು ಮೇಲಕ್ಕೆ ಹತ್ತಿ ಅಂಡನಾಳ, ಅಂಡಾಶಯಗಳಲ್ಲಿ ಕೀವು ತುಂಬುವುದು. ಹೆರಿಗೆಯ ನಂತರ, ಗರ್ಭಪಾತದ ನಂತರ, ಅಥವಾ ಬಹಳ ದಿನದಿಂದ ಇರುವ ಬಿಳಿ ಮುಟ್ಟಿಗೆ ಚಿಕಿತ್ಸೆ ಮಾಡಿಸದೆ ಬಿಟ್ಟಾಗ ಇದು ಬರುತ್ತದೆ. ಕಿಬ್ಬೊಟ್ಟೆ ನೋವು, ಜ್ವರ, ವಾಸನೆಯ ಸ್ರಾವ ಇದ್ದರೂ ಹೇಳಿಕೊಳ್ಳಲು ನಾಚಿಕೆ. ಹಸುವಿಗೆ ಮಾಸು ಬೀಳದಿದ್ದರೆ, ಯೋನಿಯಿಂದ ಕೆಟ್ಟ ವಾಸನೆಯ ಸ್ರಾವ ಬಂದರೆ ಆ ದಿನವೇ ಸಂಘಕ್ಕೆ ಹೋಗಿ ವೈದ್ಯರನ್ನು ಕರೆಸುವವರು, ತಮಗೇ ಅಂಥದ್ದು ಬಂದಾಗ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಇದು ನನಗೆ ಒಪ್ಪಿಗೆಯಾಗದ ಮಾತು. ನೇರವಾಗಿಯೇ ಹೇಳುತ್ತೇನೆ.

ಗುರುತಿಸುವುದು ಹೇಗೆ, ಮಾಡಬಾರದ್ದು ಏನು?

ಬಿಟ್ಟು ಬಿಟ್ಟು ಬರುವ ಜ್ವರ, ಅದರಲ್ಲೂ ಸಂಜೆ ಹೊತ್ತು ಚಳಿ ನಡುಕದೊಂದಿಗೆ ಏರಿ, ರಾತ್ರಿ ಬೆವರಿ ಇಳಿಯುವ ಜ್ವರ ಮೊದಲ ಸೂಚನೆ. ಒಂದೇ ಜಾಗದಲ್ಲಿ ಹೊಟ್ಟೆ ನೋವು. ಊಟ ಸೇರದಿರುವುದು. ದಿನದಿಂದ ದಿನಕ್ಕೆ ಮೈ ಇಳಿಯುವುದು. ಲಿವರ್‌ನಲ್ಲಿ ಕೀವಿದ್ದರೆ ಬಲಪಕ್ಕೆಯ ಕೆಳಗೆ ನೋವು, ಉಸಿರು ಎಳೆದಾಗ, ಕೆಮ್ಮಿದಾಗ ಹೆಚ್ಚಾಗುತ್ತದೆ. ಕೆಲವರಿಗೆ ಬಲಭುಜದಲ್ಲೂ ನೋವು ಬರುತ್ತದೆ. ಲಿವರ್‌ನ ಮೇಲಿರುವ ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಬೇರಿನಿಂದ ಬರುವುದರಿಂದ ಹೀಗೆ. ಹುಲ್ಲಿನ ಹೊರೆ ಹೊತ್ತು ಭುಜ ಹಿಡಿದಿದೆ ಎಂದು ಎಣ್ಣೆ ತಿಕ್ಕಿಸಿಕೊಂಡು ಕಾಲ ಕಳೆಯುವವರು ಜ್ವರವೂ ಜೊತೆಗಿದೆಯೇ ಎಂದು ಗಮನಿಸಬೇಕು.

ಊರಿನಲ್ಲಿ ಹೊಟ್ಟೆ ನೋವಿಗೆ ಮೊದಲು ಹೇಳುವ ಕಾರಣ, ಬಟ್ಟಿ ಜಾರಿದೆ ಎಂಬುದು. ಹೊಟ್ಟೆ ತಿಕ್ಕುವವರ ಬಳಿ ಕರೆದುಕೊಂಡು ಹೋಗುತ್ತಾರೆ. ಒಳಗೆ ಕೀವಿನ ಚೀಲ ಇರುವಾಗ ಹೊಟ್ಟೆಯನ್ನು ಒತ್ತಿ ತಿಕ್ಕುವುದು ಅಪಾಯ, ಚೀಲ ಒಡೆಯಬಹುದು. ಬಿಸಿ ಉಪ್ಪಿನ ಶಾಖ, ಭೇದಿ ಮಾತ್ರೆ, ಬರೆ ಹಾಕಿಸುವುದು ಇವೂ ಬೇಡ. ಬರೆಯಿಂದ ಒಳಗಿನ ಕೀವು ಇಳಿಯುವುದಿಲ್ಲ, ಹೊರಗೊಂದು ಹೊಸ ಗಾಯ ಆಗುತ್ತದೆ ಅಷ್ಟೇ. ಅಂಗಡಿಯಿಂದ ತಂದ ನೋವಿನ ಮಾತ್ರೆ ಜ್ವರವನ್ನು ನಾಲ್ಕು ಗಂಟೆ ಮುಚ್ಚಿಡುತ್ತದೆ. ಕೊಟ್ಟಿಗೆಯ ಗೂಡಿನಲ್ಲಿ ಉಳಿದ ಹಸುವಿನ ಔಷಧವನ್ನು ಮನುಷ್ಯರು ಬಳಸುವುದಂತೂ ಕೂಡದೇ ಕೂಡದು.

ಕೀವಿನ ಚೀಲ ಒಡೆದರೆ ಏನಾಗುತ್ತದೆ ಎಂಬುದು ಗೊತ್ತಿರಲಿ. ಕೀವು ಇಡೀ ಹೊಟ್ಟೆಗೆ ಹರಡುತ್ತದೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಅಲುಗಾಡಲಾಗದಷ್ಟು ನೋವು, ನಾಡಿ ಓಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಲಿವರ್‌ನ ಕೀವು ಮೇಲಕ್ಕೆ ಒಡೆದು ಎದೆಗೂಡಿಗೆ, ಎಡಭಾಗದ್ದಾದರೆ ಹೃದಯದ ಸುತ್ತಲಿನ ಚೀಲಕ್ಕೂ ನುಗ್ಗಬಹುದು. ಆಗ ಉಳಿಸಿಕೊಳ್ಳುವುದು ಕಷ್ಟ. ಕೊಳವೆ ಹಾಕಿ ಗುಣಪಡಿಸಬಹುದಾಗಿದ್ದವರು ಜೀವ ಕಳೆದುಕೊಳ್ಳುವುದು ಹೆಚ್ಚಾಗಿ ತಡವಾಗಿ ಬಂದದ್ದರಿಂದ. ಮೂರು ದಿನ ಬಿಡದ ಜ್ವರ ಮತ್ತು ಒಂದೇ ಕಡೆ ಹೊಟ್ಟೆ ನೋವು ಇದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಹಸು ಗಬ್ಬ ಆಗಿದೆಯೇ ಎಂದು ನೋಡಲೂ ಈಗ ಕೆಲವೆಡೆ ಬಳಸುವ ಯಂತ್ರದ ಜಾತಿಯದೇ ಅದು. ನೋವಿಲ್ಲ, ಸೂಜಿ ಇಲ್ಲ, ಹತ್ತು ನಿಮಿಷದ ಕೆಲಸ.

ಟ್ರೋಕಾರ್ ನೋಡಿದವರಿಗೆ ಇದು ಹೊಸದಲ್ಲ

ಹಸಿ ಮೇವು ಹೆಚ್ಚಾಗಿ ತಿಂದು ಹಸುವಿನ ಹೊಟ್ಟೆ ಉಬ್ಬರಿಸಿ, ಉಸಿರು ಕಟ್ಟುವಂತಾದಾಗ ಪಶುವೈದ್ಯರು ಎಡಪಕ್ಕೆಯ ಹಳ್ಳದಲ್ಲಿ ಟ್ರೋಕಾರ್ ಚುಚ್ಚಿ, ಒಳಗಿನ ಮೊನೆ ತೆಗೆದು, ಹೊರಗಿನ ಕೊಳವೆಯನ್ನು ಅಲ್ಲಿಯೇ ಬಿಡುತ್ತಾರೆ. ಬುಸ್ ಎಂದು ಗಾಳಿ ಹೊರಬರುತ್ತದೆ. ಹೊಟ್ಟೆ ಕೊಯ್ಯದೆಯೇ ಹಸು ಉಳಿಯುತ್ತದೆ. ಮನುಷ್ಯರ ಹೊಟ್ಟೆಯ ಕೀವಿಗೆ ಮಾಡುವುದೂ ಇದೇ ತತ್ತ್ವದ ಮೇಲೆ. ಆದರೆ ಉಬ್ಬಿದ ಹೊಟ್ಟೆ ಹೊರಗಿನಿಂದಲೇ ಕಾಣುತ್ತದೆ, ಕೀವು ಕಾಣುವುದಿಲ್ಲ. ಕಾಣದ ಜಾಗಕ್ಕೆ ಸೂಜಿ ಹಾಕಿದರೆ ಕರುಳಿಗೋ ರಕ್ತನಾಳಕ್ಕೋ ತಗುಲಬಹುದು. ಬಹಳ ಕಾಲ ವೈದ್ಯರು ಇದಕ್ಕೆ ಹಿಂಜರಿದದ್ದು ಆ ಭಯದಿಂದ.

ಹಾಗೆಂದು ಯಾರೂ ಪ್ರಯತ್ನಿಸಿರಲಿಲ್ಲ ಎಂದಲ್ಲ. ಕಲ್ಕತ್ತೆಯಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯರು 1912ರ ಹೊತ್ತಿಗೆ ಅಮೀಬಾ ರೋಗಕ್ಕೆ ಎಮೆಟಿನ್ ಇಂಜೆಕ್ಷನ್ ಕೊಡುವುದನ್ನು ರೂಢಿಗೆ ತಂದರು. ಲಿವರ್ ಕೀವನ್ನು ತೆರೆದು ಕೊಯ್ಯುವುದಕ್ಕಿಂತ ಸೂಜಿಯಿಂದ ಎಳೆದು ತೆಗೆದು ಔಷಧ ಕೊಡುವುದು ಮೇಲು ಎಂದು ಅವರು ವಾದಿಸಿದರು. ಕೊಯ್ದ ಗಾಯದ ಮೂಲಕ ಹೊರಗಿನ ರೋಗಾಣು ಒಳಹೊಕ್ಕು ರೋಗಿಗಳು ಸಾಯುವುದನ್ನು ಅವರು ಕಂಡಿದ್ದರು. 1953ರಲ್ಲಿ ಹಾಂಗ್‌ಕಾಂಗ್‌ನ ಮೂವರು ವೈದ್ಯರು ಬ್ಯಾಕ್ಟೀರಿಯಾದಿಂದ ಲಿವರ್‌ನಲ್ಲಿ ಕೀವಾದ 14 ರೋಗಿಗಳಿಗೆ ಸೂಜಿಯಿಂದ ಕೀವು ತೆಗೆದು ಆ್ಯಂಟಿಬಯೋಟಿಕ್ ಕೊಟ್ಟರು, 14 ಮಂದಿಯೂ ಗುಣವಾದರು. ಅದೇ 1953ರಲ್ಲಿ ಸ್ವೀಡನ್‌ನ ಸೆಲ್ಡಿಂಗರ್ ಎಂಬ ಎಕ್ಸ್‌ರೇ ವೈದ್ಯರು ಸೂಜಿಯೊಳಗೆ ಒಂದು ತೆಳು ತಂತಿ ತೂರಿಸಿ, ಸೂಜಿ ಹೊರತೆಗೆದು, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯವನ್ನು ಪ್ರಕಟಿಸಿದರು. ಅವರು ಅದನ್ನು ಮಾಡಿದ್ದು ರಕ್ತನಾಳಗಳಿಗಾಗಿ. ಮುಂದೆ 1970ರ ದಶಕದಲ್ಲಿ ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಒಳಗಿನ ಕೀವು ಕಣ್ಣಿಗೆ ಕಾಣುವಂತಾಯಿತು. ಸೆಲ್ಡಿಂಗರ್ ಅವರ ತಂತಿಯ ಉಪಾಯವೂ ಸ್ಕ್ಯಾನ್‌ನ ಕಣ್ಣೂ ಸೇರಿ ಇಂದಿನ ಚಿಕಿತ್ಸೆ ಆಯಿತು.

ಆ ದಿನ ಆಸ್ಪತ್ರೆಯಲ್ಲಿ

ಮೊದಲು ರಕ್ತ ಪರೀಕ್ಷೆ. ಸೋಂಕು ಎಷ್ಟಿದೆ, ಸಕ್ಕರೆ ಎಷ್ಟಿದೆ ಎಂದು ನೋಡುವುದರ ಜೊತೆಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ಗರ್ಭಿಣಿಯಾಗಿರುವ ಸಂಶಯವಿದ್ದರೆ ಅದನ್ನೂ ತಿಳಿಸಿ. ಕೆಲವು ಗಂಟೆ ಏನೂ ತಿನ್ನದೆ ಇರಲು ಹೇಳುತ್ತಾರೆ.

ಬಹುತೇಕ ಸಂದರ್ಭದಲ್ಲಿ ಪೂರ್ತಿ ಮತ್ತು ಬರಿಸುವುದಿಲ್ಲ. ಹಲ್ಲು ಕೀಳುವ ಮುನ್ನ ಕೊಡುವಂಥ, ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಎಚ್ಚರವಾಗಿಯೇ ಇರುತ್ತೀರಿ, ಮಾತಾಡಬಹುದು. ವೈದ್ಯರು ಪರದೆಯಲ್ಲಿ ಕರುಳು, ಶ್ವಾಸಕೋಶ, ದೊಡ್ಡ ರಕ್ತನಾಳ ಅಡ್ಡ ಬಾರದ ದಾರಿ ಆರಿಸಿಕೊಳ್ಳುತ್ತಾರೆ. ಉಸಿರು ಹಿಡಿಯಿರಿ ಎಂದಾಗ ಹಿಡಿಯಬೇಕು, ಅಲುಗಾಡಬಾರದು. ಉಸಿರಾಡಿದಾಗ ಲಿವರ್ ಮೇಲೆ ಕೆಳಗೆ ಸರಿಯುವುದರಿಂದ ಇದು ಮುಖ್ಯ. ಸೂಜಿ ಕೀವಿನೊಳಗೆ ಹೋದ ಮೇಲೆ ಸ್ವಲ್ಪ ಎಳೆದು ನೋಡುತ್ತಾರೆ. ಅಮೀಬಾದ್ದಾದರೆ ಕಂದು ಕೆಂಪು ಬಣ್ಣದ, ಗಟ್ಟಿ ರಾಗಿ ಅಂಬಲಿಯಂಥ ದ್ರವ ಬರುತ್ತದೆ, ಹೆಚ್ಚಾಗಿ ವಾಸನೆ ಇರುವುದಿಲ್ಲ. ಬ್ಯಾಕ್ಟೀರಿಯಾದ್ದಾದರೆ ಹಳದಿ ಅಥವಾ ಹಸಿರು ಮಿಶ್ರಿತ, ಕೆಲವೊಮ್ಮೆ ದುರ್ವಾಸನೆಯ ಕೀವು. ಇದರ ಒಂದು ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಕೆಚ್ಚಲು ಬಾವಿನ ಹಾಲನ್ನು ಪರೀಕ್ಷೆಗೆ ಕಳುಹಿಸಿ ಯಾವ ಔಷಧ ನಾಟುತ್ತದೆ ಎಂದು ತಿಳಿಯುವ ಹಾಗೆಯೇ ಇದು.

ಗುಳಿ ಚಿಕ್ಕದಾಗಿದ್ದರೆ ಸೂಜಿಯಿಂದಲೇ ಎಳೆದು ಮುಗಿಸುವುದುಂಟು, ಬೇಕಾದರೆ ಮತ್ತೊಮ್ಮೆ ಎಳೆಯುತ್ತಾರೆ. ಸುಮಾರು 5 ಸೆಂಟಿಮೀಟರ್‌ಗಿಂತ ದೊಡ್ಡದಾಗಿದ್ದರೆ, ಕೀವು ಗಟ್ಟಿಯಾಗಿದ್ದರೆ ಕೊಳವೆ ಇಡುವುದು ಒಳ್ಳೆಯದು. ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ದಾರಿ ಅಗಲಿಸುವ ಸಾಧನ, ಕೊನೆಗೆ ಕೊಳವೆ. ಕೊಳವೆಯ ದಪ್ಪ ಸುಮಾರು 3ರಿಂದ 4 ಮಿಲಿಮೀಟರ್. ಒಳಗಿನ ತುದಿ ಹಂದಿಮರಿಯ ಬಾಲದಂತೆ ಸುರುಳಿ ಸುತ್ತಿಕೊಳ್ಳುತ್ತದೆ, ಆಸ್ಪತ್ರೆಯವರು ಅದನ್ನು ಪಿಗ್‌ಟೇಲ್ ಎನ್ನುವುದು ಅದಕ್ಕೇ. ಆ ಸುರುಳಿ ಕೊಳವೆಯನ್ನು ಜಾರದಂತೆ ಹಿಡಿದಿಡುತ್ತದೆ. ಹೊರಗಿನ ತುದಿಗೆ ಚೀಲ. ಚರ್ಮಕ್ಕೊಂದು ಹೊಲಿಗೆ, ಮೇಲೆ ಬಟ್ಟೆ. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಮುಗಿದ ಕೆಲವು ಗಂಟೆಗಳಲ್ಲಿ ಕೆಲವರಿಗೆ ಜೋರು ಚಳಿ ನಡುಕ ಬರುತ್ತದೆ. ಕಲಕಿದ ಕೀವಿನ ರೋಗಾಣು ರಕ್ತಕ್ಕೆ ಸೇರುವುದರಿಂದ ಇದು ಆಗುತ್ತದೆ, ದಾದಿಯರಿಗೆ ಕೂಡಲೇ ತಿಳಿಸಬೇಕು. ರಕ್ತಸ್ರಾವ, ಕರುಳಿಗೆ ತಗುಲುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಇವೂ ಆಗಬಹುದು. ಆದರೆ ಅಪರೂಪ. ಒಟ್ಟಾರೆ ಈ ಚಿಕಿತ್ಸೆ ಮಾಡಿಸಿಕೊಂಡ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಕೊಳವೆ ಹಾಕಿದ ಮಾತ್ರಕ್ಕೆ ಔಷಧ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಲಿವರ್ ಕೀವಿಗೆ ಆ್ಯಂಟಿಬಯೋಟಿಕ್ ಹಲವು ವಾರ ಬೇಕು. ಅಮೀಬಾದ್ದಕ್ಕೆ ಮೆಟ್ರೊನಿಡಜೋಲ್ ಎಂಬ ಮಾತ್ರೆ ಅಥವಾ ಡ್ರಿಪ್. ನಿಜ ಹೇಳಬೇಕೆಂದರೆ ಅಮೀಬಾದ ಕೀವು ಹೆಚ್ಚಿನವರಲ್ಲಿ ಈ ಔಷಧದಿಂದಲೇ ವಾಸಿಯಾಗುತ್ತದೆ. ಗುಳಿ ಬಹಳ ದೊಡ್ಡದಿದ್ದರೆ, ಎಡಭಾಗದಲ್ಲಿದ್ದರೆ, ಒಡೆಯುವ ಹಾಗಿದ್ದರೆ, ಮೂರು ನಾಲ್ಕು ದಿನವಾದರೂ ಜ್ವರ ನೋವು ಇಳಿಯದಿದ್ದರೆ ಮಾತ್ರ ಸೂಜಿ ಅಥವಾ ಕೊಳವೆ. ಈ ಮಾತ್ರೆಯ ಜೊತೆ ಮದ್ಯ ಕುಡಿದರೆ ವಾಂತಿ, ಎದೆ ಬಡಿತ, ಮುಖ ಕೆಂಪೇರುವುದು ಆಗಬಹುದು. ಕುಡಿಯುವ ಗಂಡಸರಿಗೆ ಇದನ್ನು ಮೊದಲೇ ಹೇಳಿಡಿ. ಇನ್ನೊಂದು ಮಾತು. ಲಿವರ್ ವಾಸಿಯಾದ ಮೇಲೆ ಕರುಳಿನಲ್ಲಿ ಉಳಿದ ಅಮೀಬಾ ಸಾಯಲು ಬೇರೊಂದು ಮಾತ್ರೆ ಕೊಡುತ್ತಾರೆ. ಜ್ವರ ಹೋಯಿತಲ್ಲ ಎಂದು ಅದನ್ನು ಬಿಟ್ಟರೆ ಮತ್ತೆ ಅದೇ ಕಥೆ.

ನಾಯಿ, ಕುರಿ ಸಾಕುವ ಮನೆಯವರಿಗೆ

ಲಿವರ್‌ನಲ್ಲಿ ಕಾಣುವ ಎಲ್ಲ ನೀರುಗುಳ್ಳೆಯೂ ಕೀವಲ್ಲ. ನಾಯಿಯ ಕರುಳಿನಲ್ಲಿರುವ ಒಂದು ಸಣ್ಣ ಲಾಡಿಹುಳುವಿನ ಮೊಟ್ಟೆ ನಾಯಿಯ ಮಲದಿಂದ ಸೊಪ್ಪು, ನೀರು, ಕೈಗಳ ಮೂಲಕ ನಮ್ಮ ಹೊಟ್ಟೆಗೆ ಹೋದರೆ ಲಿವರ್‌ನಲ್ಲಿ ಹೈಡಾಟಿಡ್ ಎಂಬ ಗುಳ್ಳೆ ಬೆಳೆಯುತ್ತದೆ. ಕುರಿ, ಮೇಕೆ, ದನ, ಎಮ್ಮೆಗಳಿಗೂ ಬರುತ್ತದೆ. ಕುರಿ ಕೊಯ್ದಾಗ ಗುಳ್ಳೆ ಇರುವ ಲಿವರ್, ಶ್ವಾಸಕೋಶವನ್ನು ನಾಯಿಗೆ ಎಸೆದರೆ ನಾಯಿಗೆ ಮತ್ತೆ ಹುಳು. ಹೀಗೆ ಸುತ್ತುತ್ತಲೇ ಇರುತ್ತದೆ. ಈ ಗುಳ್ಳೆಗೆ ತಿಳಿಯದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ, ಮೈಯೆಲ್ಲ ದದ್ದು ಎದ್ದು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಹೊಟ್ಟೆಯಲ್ಲಿ ಹೊಸ ಗುಳ್ಳೆಗಳೂ ಬೆಳೆಯಬಹುದು. ಇದಕ್ಕೂ ಸೂಜಿಯ ಚಿಕಿತ್ಸೆ ಇದೆ, ಆದರೆ ಅದಕ್ಕೆ ಮುಂಚಿನಿಂದ ಆಲ್ಬೆಂಡಜೋಲ್ ಮಾತ್ರೆ ಕೊಟ್ಟು, ಅಲರ್ಜಿಗೆ ಔಷಧ ಸಿದ್ಧವಿಟ್ಟುಕೊಂಡು ಬೇರೆಯೇ ಕ್ರಮದಲ್ಲಿ ಮಾಡುತ್ತಾರೆ. ವೈದ್ಯರು ಕೇಳದಿದ್ದರೂ ನಮ್ಮಲ್ಲಿ ನಾಯಿ ಇದೆ, ಕುರಿ ಇದೆ, ದನ ಇದೆ ಎಂದು ನೀವಾಗಿಯೇ ಹೇಳಿ. ಹೈನುಗಾರಿಕೆ ಮಾಡುವವರೆಂದು ತಿಳಿದರೆ ಬ್ರುಸೆಲ್ಲಾ ಜ್ವರದ ಕಡೆಗೂ ಅವರ ಗಮನ ಹೋಗುತ್ತದೆ.

ಕೊಳವೆಯಿಂದ ಆಗದ ಸಂದರ್ಭಗಳೂ ಇವೆ. ಕೀವು ಒಡೆದು ಹೊಟ್ಟೆಯೆಲ್ಲ ಹರಡಿದ್ದರೆ, ಕರುಳಿನ ತೂತು ಮುಚ್ಚದೆ ಮಲ ಸೋರುತ್ತಲೇ ಇದ್ದರೆ, ಸೂಜಿಗೆ ಸುರಕ್ಷಿತ ದಾರಿ ಸಿಗದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು. ಅಂಥಲ್ಲಿ ಕೊಯ್ಯುವುದು ಬೇಡ ಎಂದು ಹಟ ಹಿಡಿಯಬಾರದು. ಅಪೆಂಡಿಕ್ಸ್ ಕೀವು ತೆಗೆಸಿಕೊಂಡವರಿಗೆ ಕೆಲವು ವಾರಗಳ ನಂತರ ಅಪೆಂಡಿಕ್ಸನ್ನೇ ತೆಗೆಸಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಕ್ಷಯದ ಕೀವಾದರೆ ಕೊಳವೆ ತೆಗೆದ ಮೇಲೂ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನಡೆಯಬೇಕು.

ಕೊಳವೆಯೊಂದಿಗೆ ಮನೆಗೆ ಬಂದರೆ

ಕೆಲವರನ್ನು ಕೊಳವೆ ಇರುವಾಗಲೇ ಮನೆಗೆ ಕಳುಹಿಸುತ್ತಾರೆ. ವಾರ, ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅದು ಇರಬಹುದು. ನಮ್ಮ ಹೆಣ್ಣುಮಕ್ಕಳಿಗೆ ನಿಜವಾದ ಕಷ್ಟ ಇಲ್ಲಿಂದ ಶುರು. ಬೆಳಗಿನ ಐದಕ್ಕೆ ಹಸು ಕೂಗುತ್ತದೆ, ಆರೂವರೆಗೆ ಸಂಘಕ್ಕೆ ಹಾಲು ಹೋಗಬೇಕು.

ಕುಕ್ಕುರುಗಾಲಿನಲ್ಲಿ ಕುಳಿತು ಹಾಲು ಕರೆಯುವುದು ಕೊಳವೆ ಇರುವಷ್ಟು ದಿನ ಬೇಡ. ಹೊಟ್ಟೆ ಮಡಚಿದಾಗ ಕೊಳವೆ ಬಾಗಿ ಕಟ್ಟಿಕೊಳ್ಳುತ್ತದೆ, ಹಸು ಕಾಲು ಬೀಸಿದರೆ ಕಿತ್ತೂ ಬರಬಹುದು. ಹುಲ್ಲಿನ ಹೊರೆ, ಹಾಲಿನ ಕ್ಯಾನ್, ನೀರಿನ ಕೊಡ ಎತ್ತಬಾರದು. ಸಗಣಿ ಬಾಚುವುದು, ಗಂಜಲದ ಗುಂಡಿಯ ಹತ್ತಿರದ ಕೆಲಸ ಬೇರೆಯವರಿಗೆ ಬಿಡಿ. ಗಾಯಕ್ಕೆ ಕೊಟ್ಟಿಗೆಯ ಕೊಳೆ ತಾಗಬಾರದು. ಹಸು ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ ಎಂಬುದು ನಿಜ. ಅದಕ್ಕಾಗಿ ಸಾಧ್ಯವಾದರೆ ಆಸ್ಪತ್ರೆಗೆ ಹೋಗುವ ಮುಂಚೆಯೇ ಕರೆಯುವವರನ್ನು ಎರಡು ಹೊತ್ತು ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಹಸುವಿಗೆ ಪರಿಚಯ ಮಾಡಿಸಿ. ಮನೆಗೆ ಬಂದ ಮೇಲೆ ನೀವು ಸ್ವಲ್ಪ ದೂರದಲ್ಲಿ ನಿಂತು ಮಾತಾಡಿಸಿದರೂ ಎಷ್ಟೋ ಹಸು ಸುಮ್ಮನಾಗುತ್ತದೆ. ಹಾಲು ಒಂದೆರಡು ಲೀಟರ್ ಕಡಿಮೆಯಾಗಬಹುದು, ಆಗಲಿ.

ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಒಳಗಿನದು ಇಳಿಯುವುದಿಲ್ಲ. ಲಂಗದ ಲಾಡಿಗೆ ಅಥವಾ ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಪಿನ್ನು ಹಾಕಿ ತೂಗುಬಿಟ್ಟರೆ ನಡೆಯುವಾಗ ಎಳೆಯುವುದಿಲ್ಲ. ಪಿನ್ನು ಕೊಳವೆಗೆ ಚುಚ್ಚದಂತೆ ನೋಡಿಕೊಳ್ಳಿ. ಅರ್ಧ ತುಂಬಿದಾಗ, ಸೋಪಿನಿಂದ ಕೈ ತೊಳೆದು, ಅಳತೆ ಗುರುತಿರುವ ಲೋಟಕ್ಕೆ ಬಗ್ಗಿಸಿ ಶೌಚಾಲಯಕ್ಕೆ ಹಾಕಿ. ಎಷ್ಟು ಮಿಲಿ, ಯಾವ ಬಣ್ಣ ಎಂದು ದಿನವೂ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆ ಸಾಕು. ಕೊಳವೆ ತೆಗೆಯುವ ತೀರ್ಮಾನಕ್ಕೆ ವೈದ್ಯರು ನೋಡುವುದು ಇದೇ ಲೆಕ್ಕವನ್ನು. ದಿನಕ್ಕೆ 10ರಿಂದ 20 ಮಿಲಿಗಿಂತ ಕಡಿಮೆಯಾಗಿ, ಜ್ವರ ಬಿಟ್ಟು, ಸ್ಕ್ಯಾನ್‌ನಲ್ಲಿ ಗುಳಿ ಕುಗ್ಗಿದ್ದರೆ ಕೊಳವೆ ತೆಗೆಯುತ್ತಾರೆ. ಕೊಳವೆ ಕಟ್ಟದಂತೆ ಶುದ್ಧ ಸಲೈನ್ ಸ್ವಲ್ಪ ಒಳಬಿಡಲು ಹೇಳಿದ್ದರೆ, ನರ್ಸ್ ಕಲಿಸಿದ ಹಾಗೆಯೇ, ಅವರು ಹೇಳಿದಷ್ಟೇ ಬಿಡಬೇಕು. ಮನೆಯ ನೀರು, ಕಾಯಿಸಿ ಆರಿಸಿದ್ದಾದರೂ, ಬೇಡ.

ಇದ್ದಕ್ಕಿದ್ದಂತೆ ಬರುವುದು ನಿಂತು ಮತ್ತೆ ಜ್ವರ ಬಂದರೆ ಕೊಳವೆ ಕಟ್ಟಿದೆ ಎಂದರ್ಥ, ಕೀವು ಮುಗಿಯಿತೆಂದಲ್ಲ. ರಕ್ತ ಬಂದರೆ, ಮಲದ ಬಣ್ಣ ಅಥವಾ ವಾಸನೆ ಬಂದರೆ, ಉಸಿರಾಟ ಕಷ್ಟವಾದರೆ ಆ ಹೊತ್ತೇ ಆಸ್ಪತ್ರೆಗೆ ಹೊರಡಿ. ಕೊಳವೆ ಜಾರಿ ಹೊರಬಂದರೆ ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಮುಚ್ಚಿ, ಬಿದ್ದ ಕೊಳವೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ತುಂಡೇನಾದರೂ ಒಳಗೆ ಉಳಿದಿದೆಯೇ ಎಂದು ಅವರು ನೋಡುತ್ತಾರೆ. ಊಟದಲ್ಲಿ ಪಥ್ಯವೆಂದು ಬರೀ ಗಂಜಿ ಕುಡಿಸುವುದು ಬೇಡ. ಕೀವಿನ ಜೊತೆ ಮೈಯ ಸಾರವೂ ಹೋಗಿರುತ್ತದೆ. ವೈದ್ಯರು ಬೇಡ ಎನ್ನದಿದ್ದರೆ ಬೇಳೆ, ಮೊಟ್ಟೆ, ಸೊಪ್ಪು ತಿನ್ನಲಿ. ಸಂಘಕ್ಕೆ ಹಾಕುವ ಹಾಲಿನಲ್ಲಿ ಒಂದು ಲೋಟ ಕಾಯಿಸಿ ಮನೆಯಲ್ಲಿ ಉಳಿಸಿಕೊಳ್ಳಿ.

ಖರ್ಚಿನ ಮಾತು

ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2023ರಲ್ಲಿ ಮತ್ತೆ ಜಾರಿಗೆ ಬಂದ ಈ ಯೋಜನೆಗೆ ನೋಂದಣಿ ಇಂತಿಷ್ಟು ದಿನ ಮಾತ್ರ ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಓಡಿದರೆ ಆಗುವುದಿಲ್ಲ. ಹಾಲಿನ ಖಾತೆ ಗಂಡನ ಹೆಸರಿನಲ್ಲಿದ್ದರೆ ಕುಟುಂಬದ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿದೆಯೇ ಎಂದು ಕಾರ್ಯದರ್ಶಿಗಳ ಹತ್ತಿರ ಕೇಳಿ ನೋಡಿಕೊಳ್ಳಿ. ಎಲ್ಲ ಆಸ್ಪತ್ರೆಗೂ ಎರಡೂ ಯೋಜನೆ ಅನ್ವಯಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕಾಗಬಹುದು. ಹೊರಡುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಸ್ಕ್ಯಾನ್ ನೋಡಿ ಕೊಳವೆ ಹಾಕುವ ವೈದ್ಯರು ಈ ದಿನ ಇದ್ದಾರೆಯೇ, ನಮ್ಮ ಕಾರ್ಡ್ ನಡೆಯುತ್ತದೆಯೇ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ರೋಗಿ ಸುಸ್ತಾಗಿ ಬಿದ್ದಿದ್ದರೆ ಮಾತ್ರ ಯಾವ ಪ್ರಶ್ನೆಯೂ ಬೇಡ, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ನಡೆಯಿರಿ. ಹಸುವನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ.